ಪ್ರಚಾರದ ಟಿಕಳಿ

ಮದುವೆಯಾದ ಹೊಸತರಲ್ಲಿ ಗಂಡನ ಹಿಂದೆ ಆದೋನಿ ಕಡೆಯಿಂದ ಬಂದವಳು ನಾನು. ಅವರಿಗೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ. ನಾನು ಮೊದಲು ಕುರುಗೋಡಿನಲ್ಲಿ, ಆಮೇಲೆ ಸಿರುಗುಪ್ಪದಲ್ಲೇ ಖಾಸಗಿ ಶಾಲೆಯ ಲೆಕ್ಕದ ಟೀಚರು. ಮನೆಯಲ್ಲಿ ತೆಲುಗು. ಕನ್ನಡ ಕಲಿಸಿದ್ದು ನನ್ನ ಮಕ್ಕಳೇ, ಅಂದರೆ ಶಾಲೆಯ ಮಕ್ಕಳು.

ಗಂಡ ತೀರಿಕೊಂಡಾಗ ತವರಿನವರು ವಾಪಸು ಬಾ ಎಂದರು. ಹೋಗಲಿಲ್ಲ. ಕುಂಕುಮ ಬಿಟ್ಟು ವಿಭೂತಿ ಹಚ್ಚಿಕೊಂಡು ಕ್ಲಾಸಿಗೆ ಹೋದೆ. ಮುಂದಿನ ಬೆಂಚಿನ ಹುಡುಗಿ ಯಾಕೆ ಟೀಚರ್ ಎಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಚ್ಚಿಡುವ ಚಾಳಿ ನನಗಿಲ್ಲ ಎಂಬ ಜಂಭವೂ ಇತ್ತು.

ಶಾಲೆಯ ಮುಂದೆ ತುಂಬಿ ಹರಿಯುತ್ತಿದ್ದ ಚರಂಡಿಯ ಸಲುವಾಗಿ ನಗರಸಭೆಗೆ ಹೋಗಿ ಜಗಳವಾಡಿ ಜಗಳವಾಡಿ ನನ್ನ ಹೆಸರು ಊರಿಗೆಲ್ಲ ಗೊತ್ತಾಯಿತು. ಬೈಯುವುದಕ್ಕೆ ಇಷ್ಟು ಬಾಯಿದ್ದವರು ನೀವೇ ಎಲೆಕ್ಷನ್ನಿಗೆ ನಿಂತುಕೊಳ್ರಿ ಎಂದರು ಜನ. ನಮ್ಮ ವಾರ್ಡಿನಿಂದ ಅಲ್ಲಿಯವರೆಗೆ ಒಬ್ಬ ಹೆಂಗಸೂ ಗೆದ್ದಿರಲಿಲ್ಲ. ಹೊರಗಿನವಳು ಬೇರೆ. ನಿಂತೆ.

ಪೋಸ್ಟರಿನ ಫೋಟೋಗೆಂದು ಬಳ್ಳಾರಿಯ ಸ್ಟುಡಿಯೋಕ್ಕೆ ಕರೆದೊಯ್ದರು. ನನಗೆ ಟಿಕೆಟ್ ಕೊಡಿಸಿದ ಮುಖಂಡರು ನನ್ನ ಹಣೆಯನ್ನೇ ನೋಡಿದರು.

"ಟೀಚರಮ್ಮಾರ, ಹಣಿ ಬರಿದಾಗಿ ಕಾಣತೈತಿ. ಒಂದು ಟಿಕಳಿ ಹಚ್ಚಿಕೊಳ್ರಿ. ಪ್ರಚಾರಕ್ಕ ಹೋದಲ್ಲಿ ಮಂದಿ ಆರತಿ ಹಿಡಿತಾರ. ಅಪಶಕುನ ಅನ್ನಬಾರದು ನೋಡ್ರಿ."

"ನನ್ನ ಗಂಡ ಇಲ್ಲ ಅನ್ನೋದು ಮಂದಿಗೆ ಗೊತ್ತೈತ್ರಿ."

"ಎಷ್ಟು ಮಂದಿಗ್ರಿ? ನೀವು ಆ ಕಡಿಯವರು. ನಿಮ್ಮ ಮನಿ ಸುದ್ದಿ ಇಲ್ಲಿ ಯಾರಿಗೆ ಬೇಕಾಗೈತಿ?"

ಸಿಟ್ಟು ನೆತ್ತಿಗೇರಿತು. ಎದ್ದು ಬರಬೇಕಿತ್ತು. ಆದರೆ ಗೆಲ್ಲುವ ಆಸೆ ಅದಕ್ಕಿಂತ ಮೇಲೆ ಏರಿತ್ತು. ಸ್ಟುಡಿಯೋದ ಕನ್ನಡಿಗೆ ಯಾರೋ ಅಂಟಿಸಿ ಹೋಗಿದ್ದ ಕೆಂಪು ಟಿಕಳಿಯನ್ನೇ ಕಿತ್ತು ಹಣೆಗಿಟ್ಟುಕೊಂಡೆ. ಫೋಟೋ ಚೆನ್ನಾಗಿ ಬಂತು, ಅದೊಂದು ಬೇರೆ.

ಪ್ರಚಾರ ಶುರುವಾಯಿತು. ಹಲಗೆ ಬಾರಿಸುವವರು ಮುಂದೆ, ಟಿಕಳಿ ಹಚ್ಚಿ ಕೈಮುಗಿಯುವ ನಾನು ಹಿಂದೆ. ಮುಂದಿನ ಬೆಂಚಿನ ಆ ಹುಡುಗಿಯ ಓಣಿಗೂ ಹೋದೆವು. ಅವಳು ಆಗಲೇ ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು. ಅವಳ ಅಜ್ಜಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಶುಭಕಾರ್ಯವೆಂದರೆ ಅಡುಗೆಮನೆ ಬಿಟ್ಟು ಈಚೆ ಬಂದವಳಲ್ಲ. ಅಂಥವಳು ಅವತ್ತು ತಾನೇ ಆರತಿ ತಟ್ಟೆ ಹಿಡಿದು ತಲೆಬಾಗಿಲಲ್ಲಿ ನಿಂತಿದ್ದಳು. ಸೊಸೆ ಪಕ್ಕದಲ್ಲಿದ್ದಳು.

ಅಜ್ಜಿ ನನ್ನ ಮುಖ ನೋಡಿದಳು. ಆಮೇಲೆ ಹಣೆ. ತಟ್ಟೆ ತಗ್ಗಿಸಿದಳು.

"ತಪ್ಪಾತವ್ವಾ," ಎಂದಳು. "ಟೀಚರೂ ನಿನ್ನಂಗ ಅದಾರಬೇ ಅಂತ ಮೊಮ್ಮಗಳು ಹೇಳಿದ್ದಳು. ಅದಕ್ಕ ಧೈರ್ಯ ಮಾಡಿ ಬಂದೆ. ಹುಡುಗಿ ಏನೋ ತಪ್ಪು ತಿಳಕೊಂಡೈತಿ. ನೀ ಮುತ್ತೈದಿ, ನಾ ನಿನ್ನ ಎದುರಿಗೆ ಬರಬಾರದಾಗಿತ್ತು."

ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋಗಿಬಿಟ್ಟಳು. ನನ್ನ ಹಣೆಗೂ ನನ್ನ ಕೈಗೂ ಎಷ್ಟು ದೂರ? ಆ ಟಿಕಳಿ ಕಿತ್ತೆಸೆಯಲು ಒಂದು ಗಳಿಗೆ ಸಾಕಿತ್ತು. ಹಿಂದೆ ಹಲಗೆಯವರಿದ್ದರು, ಮುಖಂಡರ ಕಡೆಯವರು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದರು. ಸೊಸೆ ಆರತಿ ಎತ್ತಿದಳು. ನಾನು ತಲೆಬಗ್ಗಿಸಿ ಎತ್ತಿಸಿಕೊಂಡೆ. ನಾಚಿಕೆಗೇಡಿ ಹೆಂಗಸು ಎಂದು ನನ್ನನ್ನೇ ಬೈದುಕೊಂಡೆ, ಮನಸ್ಸಿನಲ್ಲಿ. ಬಾಯಲ್ಲಿ ವೋಟು ಕೇಳಿದೆ.

ಗೆದ್ದೆ. ವಾರ್ಡಿನ ಮೊದಲ ಹೆಣ್ಣು ಸದಸ್ಯೆ ಎಂದು ಶಾಲು ಹೊದಿಸಿದರು, ಭಾಷಣ ಮಾಡಿದರು. ಟಿಕಳಿ ತೆಗೆದೆ, ವಿಭೂತಿ ಹಚ್ಚಿದೆ, ಮೊದಲು ಆ ಅಜ್ಜಿಯ ಮನೆಗೆ ಹೋದೆ. ನಡೆದದ್ದನ್ನು ಹೇಳಿ ಕಾಲು ಹಿಡಿಯಬೇಕೆಂದೇ ಹೋದೆ. ಸೊಸೆ ಗದ್ದೆಗೆ ಹೋಗಿದ್ದಳು. ಅಜ್ಜಿ ಒಬ್ಬಳೇ ಕೂತು ಅಕ್ಕಿ ಹಸನು ಮಾಡುತ್ತಿದ್ದಳು.

ತಲೆಯೆತ್ತಿ ನೋಡಿದವಳ ಕೈಯಿಂದ ಮೊರ ಜಾರಿತು.

"ಅಯ್ಯ ನನ್ನವ್ವಾ! ಇದ್ಯಾವಾಗಾತು? ಮೊನ್ನಿ ಮೊನ್ನಿ ಮುತ್ತೈದಿಯಾಗಿ ಬಂದಿದ್ದೆಲ್ಲವ್ವಾ!"

ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಇಲ್ಲೇ ಕುಂದರು ತಾಯಿ. ಯಾರೂ ಇಲ್ಲ ಅನ್ನಬ್ಯಾಡ, ನಾ ಅದೀನಿ," ಎನ್ನುತ್ತ ಜೋರಾಗಿ ಅಳತೊಡಗಿದಳು. ನನ್ನ ಗಂಡ ಸತ್ತು ವರ್ಷಗಳೇ ಆದವೆಂದು ಹೇಳಲು ಬಾಯಿ ತೆರೆದೆ. ಆಕೆ ಆಗಲೇ ತನ್ನ ಸೆರಗಿನಿಂದ ನನ್ನ ಮುಖ ಒರೆಸುತ್ತಿದ್ದಳು.