ಮಾತು ಇದ್ದ ಜಾಗ

ಮಿದುಳಿನ ಗಡ್ಡೆಗಳ ಮೇಲೆ ಸಂಶೋಧನೆ ಮಾಡುವುದು ನನ್ನ ಉದ್ಯೋಗ ಅಂದರೆ ಊರಿನವರು ನನ್ನನ್ನು ಡಾಕ್ಟರ್ ಅಂದುಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು ತಲೆನೋವಿನ ಕತೆ ಹೇಳುತ್ತಾರೆ. ನಾನು ರೋಗಿಗಳನ್ನು ನೋಡುವವಳೇ ಅಲ್ಲ. ಅಬುಧಾಬಿಯ ನಮ್ಮ ಪ್ರಯೋಗಾಲಯಕ್ಕೆ ಆಪರೇಷನ್ ಥಿಯೇಟರಿನಿಂದ ಐಸಿನ ಡಬ್ಬಿಯೊಂದು ಬರುತ್ತದೆ. ಅದರೊಳಗಿನ ಟ್ಯೂಬಿನಲ್ಲಿ ಕಡಲೆಬೇಳೆಯಷ್ಟು ಮಾಂಸದ ತುಣುಕು. ಮೇಲೆ ಹೆಸರಿರುವುದಿಲ್ಲ, ಒಂದು ನಂಬರು ಮಾತ್ರ. ಅದನ್ನು ಬಿಡಿಸಿ ಗುಲಾಬಿ ಬಣ್ಣದ ದ್ರವದಲ್ಲಿ ಬೆಚ್ಚಗಿಟ್ಟರೆ ಕೆಲವು ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ, ನೆನೆದ ಸಬ್ಬಕ್ಕಿಯ ಹಾಗೆ ಉಂಡೆಯಾಗಿ ತೇಲಲು ಶುರುಮಾಡುತ್ತವೆ.

ನಾವು ಹುಟ್ಟುವ ಮೊದಲು ನಮ್ಮ ಇಡೀ ಮಿದುಳನ್ನು ಕಟ್ಟುವುದು ಕಾಂಡಕೋಶಗಳು. ಕೆಲಸ ಮುಗಿದ ಮೇಲೆ ಅವುಗಳಲ್ಲಿ ಕೆಲವು ಒಳಗೊಂದು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತವೆ. ಕೆಟ್ಟ ಜಾತಿಯ ಗಡ್ಡೆಯೊಳಗೂ ಅವನ್ನೇ ಹೋಲುವ ಕೋಶಗಳಿರುತ್ತವೆ. ಔಷಧಿ ಕೊಟ್ಟರೂ, ವಿಕಿರಣ ಕೊಟ್ಟರೂ ಅವು ಸಾಯುವುದಿಲ್ಲ. ಎಲ್ಲ ಅಡಗಿದ ಮೇಲೆ ಎದ್ದು ಗಡ್ಡೆಯನ್ನು ಮತ್ತೆ ಬೆಳೆಸುತ್ತವೆ. ಕಟ್ಟುವ ಕೋಶ ಕೊಲ್ಲುವ ಕೋಶವಾಗುವುದು ಯಾವಾಗ, ಹೇಗೆ ಎಂಬುದನ್ನು ನಾನು ಬಹಳ ವರ್ಷಗಳಿಂದ ಹುಡುಕುತ್ತಿದ್ದೇನೆ. ಅಣ್ಣನಿಗೆ ಆ ಕಾಯಿಲೆ ಬಂದಾಗಲೂ ಹುಡುಕುತ್ತಿದ್ದೆ.

ಅಣ್ಣ ಅಬುಧಾಬಿಯಿಂದ ಗಂಟೆ ದೂರದ ಜೆಬೆಲ್ ಅಲಿ ಬಂದರಿನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಲಾರಿ ಬಂದು ನಿಲ್ಲುವ ಕಟ್ಟೆಯ ಮೇಲೆ ನಿಂತು ಇಡೀ ದಿನ ಕೂಗುವ ಕೆಲಸ. ಪಠಾಣ್ ಡ್ರೈವರಿಗೆ ಹಿಂದಿ, ಕೇರಳದ ಗುಮಾಸ್ತನಿಗೆ ಮಲಯಾಳಂ, ಮೂಡಬಿದ್ರೆಯ ಕ್ರೇನಿನವನಿಗೆ ತುಳು, ಕಸ್ಟಮ್ಸಿನವರಿಗೆ ಮುರುಕು ಅರಬಿ. ಮನೆಯಲ್ಲಿ ಬ್ಯಾರಿ. ಒಂದೇ ಉಸಿರಿನಲ್ಲಿ ಮೂರು ಭಾಷೆಯಲ್ಲಿ ಬೈಯಬಲ್ಲವನು. ಅತ್ತಿಗೆ ಜುಮೇರಾ ಲೇಕ್ ಟವರ್ಸ್‌ನ ಒಂದು ಕಚೇರಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದರು. ಅವರಿಗೆ ಒಬ್ಬಳೇ ಮಗಳು, ಆಗ ಒಂಬತ್ತನೇ ತರಗತಿ. ಭಾನುವಾರಗಳಲ್ಲಿ ಮೂವರೂ ಬಸ್ಸು ಹತ್ತಿ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ನನ್ನ ಫ್ಲ್ಯಾಟಿಗೆ ಊಟಕ್ಕೆ ಬರುತ್ತಿದ್ದರು.

ಅಂಥ ಒಂದು ಭಾನುವಾರ ಅಣ್ಣ ಊಟಕ್ಕೆ ಕೂತು, "ಅದು ಕೊಡು," ಅಂದ.

"ಯಾವುದು?"

"ಅದು ಮಾರಾಯ್ತಿ... ಬಿಳಿ... ಮೀನಿಗೆ ಹಾಕುವುದು." ಕೈಯಲ್ಲಿ ಉದುರಿಸಿ ತೋರಿಸಿದ.

"ಉಪ್ಪಾ?"

"ಹಾಂ, ಅದೇ. ಬಸ್ಸು."

ಮಗಳು ನಕ್ಕಳು. ಅತ್ತಿಗೆಯೂ ನಕ್ಕು, "ಈಗೀಗ ಇವರದ್ದು ಹೀಗೇ. ಮೊನ್ನೆ ಚಾವಿಗೆ ಚಪ್ಪಲಿ ಅಂದರು," ಅಂದರು. ಅಣ್ಣನೂ ನಗುತ್ತಿದ್ದ. ನಾನು ಉಪ್ಪಿನ ಡಬ್ಬಿ ಅವನ ಮುಂದಿಟ್ಟು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಮರುದಿನವೇ ರಜೆ ಹಾಕಿಸಿ ಸ್ಕ್ಯಾನಿಗೆ ಕರೆದುಕೊಂಡು ಹೋದೆ.

ಸ್ಕ್ಯಾನಿನ ಕೋಣೆಯ ಹೊರಗೆ ಪರದೆಯ ಮೇಲೆ ಚಿತ್ರ ಬಂದಾಗ ಯಾರೂ ನನಗೆ ಏನೂ ಹೇಳಬೇಕಾಗಲಿಲ್ಲ. ಎಡಗಡೆ, ಕಿವಿಯ ಮೇಲ್ಭಾಗಕ್ಕೆ, ಅಂಚು ಹರಿದ ಬಿಳಿಯ ಬಳೆ, ನಡುವೆ ಕಪ್ಪು. ಅಂಥ ಚಿತ್ರಗಳನ್ನು ನನ್ನ ಉಪನ್ಯಾಸಗಳಲ್ಲಿ ಎಷ್ಟೋ ಸಲ ತೋರಿಸಿದ್ದೇನೆ. ಆಮೇಲೆ ಹೆಸರೂ ಬಂತು, ಗ್ಲಯೋಬ್ಲಾಸ್ಟೋಮಾ, ಆ ಕೆಟ್ಟ ಜಾತಿಯದೇ.

ಮನೆಗೆ ವಾಪಸಾಗುವಾಗ ಕಾರಿನಲ್ಲಿ ಅಣ್ಣ ಕೇಳಿದ, "ನೀನು ಲ್ಯಾಬಿನಲ್ಲಿ ಮಾಡುವುದು ಇದರದ್ದೇ ಅಲ್ವಾ?"

"ಹೌದು."

"ಹಾಗಾದರೆ ನನ್ನ ಅದೃಷ್ಟ ಒಳ್ಳೆಯದುಂಟು. ಮನೆಯಲ್ಲೇ ಆಳು ಇದ್ದಾಳೆ."

ನಾನು ಗಾಡಿಯನ್ನು ಬದಿಗೆ ನಿಲ್ಲಿಸಿದೆ. "ಅಣ್ಣಾ, ನಾನು ಮಾಡುವುದು ಯಾವುದೂ ನಿನಗೆ ಸಿಗುವಷ್ಟು ಬೇಗ ಆಗುವುದಿಲ್ಲ. ಮುಂದೆ ಯಾರಿಗೋ ಆಗಬಹುದು. ಅದೂ ಖಾತ್ರಿಯಿಲ್ಲ."

ಅವನು ಕಿಟಕಿಯ ಕಡೆ ತಿರುಗಿದ. "ಎಸಿ ಕಡಿಮೆ ಮಾಡು, ಚಳಿಯಾಗ್ತದೆ," ಅಂದ.

ಸರ್ಜನ್ ಒಬ್ಬರು ಅರಬ್ ಮಹಿಳೆ, ನನ್ನ ಪ್ರಾಯದವರು, ಹೆಚ್ಚು ಮಾತಾಡದವರು. ಗಡ್ಡೆ ಇರುವುದು ಮಾತಿನ ಜಾಗದಲ್ಲಿ, ಆದ್ದರಿಂದ ರೋಗಿಯನ್ನು ಎಚ್ಚರವಾಗಿಟ್ಟುಕೊಂಡೇ ಆಪರೇಷನ್ ಮಾಡಬೇಕು ಎಂದರು. ಮಿದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ. ರೋಗಿ ಮಾತಾಡುತ್ತಿರುವಾಗ ಒಂದೊಂದೇ ಜಾಗವನ್ನು ಸಣ್ಣ ವಿದ್ಯುತ್ ಕಡ್ಡಿಯಿಂದ ಮುಟ್ಟಿ ನೋಡುತ್ತಾರೆ. ಮಾತು ತಡೆದರೆ ಆ ಜಾಗವನ್ನು ಬಿಡಬೇಕು, ತಡೆಯದಿದ್ದರೆ ತೆಗೆಯಬಹುದು.

"ಇವರು ಕನಸು ಕಾಣುವುದು ಯಾವ ಭಾಷೆಯಲ್ಲಿ?" ಎಂದು ಕೇಳಿದರು.

"ಬ್ಯಾರಿಯಲ್ಲಿ."

ಅವರು ಆ ಹೆಸರನ್ನೇ ಕೇಳಿರಲಿಲ್ಲ. ಆ ತಂಡದಲ್ಲಿ ಬ್ಯಾರಿ ಗೊತ್ತಿದ್ದವರು ಯಾರೂ ಇರಲಿಲ್ಲ. ಕೊನೆಗೆ, "ಹಾಗಾದರೆ ನೀವೇ ಒಳಗೆ ಬರಬೇಕಾಗುತ್ತದೆ," ಅಂದರು.

ಅವರಲ್ಲಿದ್ದ ಚಿತ್ರದ ಕಾರ್ಡುಗಳಲ್ಲಿ ಹಿಮದ ಗೊಂಬೆ, ಹಿಮದ ಜಾರುಬಂಡಿ, ಬ್ಯಾಂಜೊ. ಅಣ್ಣ ಕಾರ್ಡುಗಳನ್ನು ತಿರುವಿ, "ಇದನ್ನೆಲ್ಲ ಗಡ್ಡೆ ಇಲ್ಲದಾಗಲೂ ನನಗೆ ಹೇಳಲು ಬರ್ತಿರಲಿಲ್ಲ," ಅಂದ. ಅವನ ಮಗಳು ಕೂತು ಬೇರೆಯದೇ ಚಿತ್ರಗಳನ್ನು ಬಿಡಿಸಿದಳು: ಹಲಸಿನ ಹಣ್ಣು, ದೋಣಿ, ಕೊಡೆ, ಏಣಿ, ಬಂಗುಡೆ, ಫೋರ್ಕ್‌ಲಿಫ್ಟ್.

ಆಪರೇಷನ್ನಿನ ಬೆಳಿಗ್ಗೆ ನಾನು ಹಸಿರು ಬಟ್ಟೆ ತೊಟ್ಟು, ಅಣ್ಣನ ಮುಖದ ಪಕ್ಕ ಒಂದು ಸ್ಟೂಲಿನ ಮೇಲೆ ಕೂತಿದ್ದೆ. ನಮ್ಮಿಬ್ಬರ ಮೇಲೆ ಡೇರೆಯಂತೆ ಪರದೆ ಕಟ್ಟಿದ್ದರು. ಆ ಕಡೆ ಏನು ನಡೆಯುತ್ತಿದೆ ಎಂದು ಕಾಣುತ್ತಿರಲಿಲ್ಲ, ಶಬ್ದ ಮಾತ್ರ ಕೇಳುತ್ತಿತ್ತು. ಇಷ್ಟು ವರ್ಷ ಟ್ಯೂಬು ನನ್ನ ಕೈಗೆ ಬರುತ್ತಿತ್ತು. ಅದು ಹೊರಡುವ ಕಡೆ ನಾನು ಯಾವತ್ತೂ ಕೂತಿರಲಿಲ್ಲ. ಅಣ್ಣನ ತುಟಿ ಒಣಗಿತ್ತು. ನೀರಿನ ಸ್ಪಂಜು ಹಿಡಿದೆ.

"ಇದು?"

"ಕೊಡೆ."

"ಇದು?"

"ಹಲಸು. ಹಸಿವಾಗ್ತದೆ ಮಾರಾಯ್ತಿ."

"ಇದು?"

ಅವನ ಬಾಯಿ ತೆರೆದದ್ದು ಹಾಗೆಯೇ ನಿಂತಿತು. ಕಣ್ಣು ದೋಣಿಯ ಚಿತ್ರದ ಮೇಲಿತ್ತು. ಗೊತ್ತಿದೆ ಅವನಿಗೆ, ಅದರಲ್ಲಿ ಕೂತು ಮೀನು ಹಿಡಿದವನು. ಮಾತು ಮಾತ್ರ ಬರುತ್ತಿಲ್ಲ. ಹೆದರಿದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿದ.

"ಹೇಳಿದರಾ?" ಪರದೆಯ ಆಚೆಯಿಂದ ಸರ್ಜನ್ ಕೇಳಿದರು.

"ಇಲ್ಲ," ಅಂದೆ.

ಕಡ್ಡಿ ತೆಗೆದ ಕೂಡಲೇ ಮಾತು ಬಂತು, "ದೋಣಿ, ದೋಣಿ." ಆ ಜಾಗದ ಮೇಲೆ ಚೂರು ಕಾಗದ ಇಟ್ಟು ಗುರುತು ಮಾಡಿದರು. ಮತ್ತೆ ಮುಂದಿನ ಜಾಗ, ಮುಂದಿನ ಚಿತ್ರ. ನಾನು "ಹೇಳಿದ" ಅಂದಲ್ಲಿ ಅವರು ತೆಗೆದರು. "ಇಲ್ಲ" ಅಂದಲ್ಲಿ ಬಿಟ್ಟರು. ಗಡ್ಡೆಯ ಹಿಂಭಾಗದ ಒಂದು ತುಂಡಿನಲ್ಲಿ ಎಲ್ಲಿ ಮುಟ್ಟಿದರೂ ನಾನು "ಇಲ್ಲ" ಅನ್ನಬೇಕಾಯಿತು. ಕೊನೆಗೆ ಅವರು, "ಇದನ್ನು ನಾನು ಬಿಡುತ್ತಿದ್ದೇನೆ. ನಿಮಗೆ ಅರ್ಥವಾಯಿತಲ್ಲ?" ಎಂದು ನನ್ನನ್ನೇ ಕೇಳಿದರು. ನನಗೆ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗಿತ್ತು.

ತೆಗೆದ ತುಣುಕು ಅಣ್ಣನ ಒಪ್ಪಿಗೆಯ ಮೇಲೆ ನಮ್ಮ ಪ್ರಯೋಗಾಲಯಕ್ಕೇ ಹೋಯಿತು. ನಾನು ಮುಟ್ಟಲಿಲ್ಲ, ಸಹೋದ್ಯೋಗಿಯೊಬ್ಬರು ನೋಡಿಕೊಂಡರು. ಕೆಲವು ವಾರ ಕಳೆದ ಮೇಲೆ ಅವರು ನನ್ನ ಮೇಜಿನ ಬಳಿ ಬಂದು, "ಬೆಳೆಯಲಿಲ್ಲ. ಎಲ್ಲ ಸತ್ತುಹೋದವು," ಅಂದರು. ಹಾಗೆ ಆಗುವುದುಂಟು. ತಲೆಯೊಳಗೆ ಯಾರ ಮಾತೂ ಕೇಳದೆ ಬೆಳೆಯುವ ಕೋಶಗಳು ಗಾಜಿನ ತಟ್ಟೆಯಲ್ಲಿ, ಬೇಕಾದ್ದೆಲ್ಲ ಕೊಟ್ಟರೂ, ಬಾಡಿಹೋಗುತ್ತವೆ. ಯಾಕೆಂದು ನಮಗೆ ಸರಿಯಾಗಿ ಗೊತ್ತಿಲ್ಲ.

ಅಣ್ಣ ಬಿಡದೆ ಕೇಳುತ್ತಿದ್ದ. "ಏನಾಯ್ತು ನನ್ನ ಸಾಮಾನು? ನಿನ್ನ ಲ್ಯಾಬಿನಲ್ಲಿ ಏನು ಮಾಡ್ತಾ ಉಂಟು?"

"ಸತ್ತುಹೋಯಿತು ಅಣ್ಣಾ."

ಹೊಲಿಗೆಯ ಗುರುತು ಉಳಿದ ತಲೆಯನ್ನು ದಿಂಬಿಗೆ ಒರಗಿಸಿ ಅವನು ಜೋರಾಗಿ ನಕ್ಕ. "ಅಲ್ಲಿ ಸತ್ತಿತಾ? ಇಲ್ಲಿ ಉಳಿದದ್ದಕ್ಕೂ ಯಾರಾದರೂ ಆ ಬುದ್ಧಿ ಹೇಳಿ."

ಆ ಚಳಿಗಾಲ ಅವನು ಚೆನ್ನಾಗಿದ್ದ. ವಿಕಿರಣ, ಮಾತ್ರೆ, ಸುಸ್ತು ಎಲ್ಲ ಇತ್ತು. ಆದರೆ ಮಾತು ಇತ್ತು. ಕೆಲಸಕ್ಕೆ ಹೋಗುವಂತಿರಲಿಲ್ಲ, ಹಾಗಾಗಿ ಮಗಳು ಶಾಲೆಯಿಂದ ಬಂದ ಮೇಲೆ ಅವಳ ಜೊತೆ ಕಟ್ಟಡದ ಕೆಳಗಿನ ಬೆಂಚಿನಲ್ಲಿ ಕೂತು ಹರಟುತ್ತಿದ್ದ. ಅವನು ಬ್ಯಾರಿಯಲ್ಲಿ, ಅವಳು ಇಂಗ್ಲಿಷಿನಲ್ಲಿ. ಅವನ ಅಷ್ಟೊಂದು ಕತೆಗಳನ್ನು ಅತ್ತಿಗೆಯೂ ಕೇಳಿರಲಿಲ್ಲವಂತೆ.

ಸೆಖೆ ಶುರುವಾಗುವ ಹೊತ್ತಿಗೆ ಗಡ್ಡೆ ಮತ್ತೆ ಬಂತು. ಬಿಟ್ಟಿದ್ದ ಜಾಗದಿಂದಲೇ. ಮೊದಲು ಹೋದದ್ದು ಹಿಂದಿ, ಅವನು ಕೆಲಸದಲ್ಲಿ ಅತಿ ಹೆಚ್ಚು ಆಡಿದ ಭಾಷೆ. ಆಮೇಲೆ ಮಲಯಾಳಂ, ತುಳು. ಬ್ಯಾರಿಯಲ್ಲಿ ಪದಗಳು ಅರ್ಧರ್ಧ ಬಂದು ನಿಲ್ಲುತ್ತಿದ್ದವು. ಕೊನೆಗೆ ಉಳಿದದ್ದು ಒಂದೇ ಮಾತು. ನಾವೆಲ್ಲ ಉಮ್ಮ ಎಂದೋ ಅಲ್ಲಾಹು ಎಂದೋ ಇರಬಹುದು ಅಂದುಕೊಂಡಿದ್ದೆವು. ಅದು "ಯಲ್ಲಾ" ಆಗಿತ್ತು, ಬೇಗ ನಡೆಯಿರಿ ಎಂದು ಲಾರಿಯವರಿಗೆ ದಿನವಿಡೀ ಕೂಗುತ್ತಿದ್ದ ಅರಬಿ ಮಾತು. ನೀರು ಬೇಕಾದರೂ ಯಲ್ಲಾ, ಬೇಡವಾದರೂ ಯಲ್ಲಾ. ನೋವಾದರೆ ಹಲ್ಲು ಕಚ್ಚಿ ಯಲ್ಲಾ ಯಲ್ಲಾ ಯಲ್ಲಾ. ಹೀಗೆ ಒಂದೇ ಮಾತು ಉಳಿಯುವುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅವನು ಏನು ಹೇಳುತ್ತಿದ್ದಾನೆ ಎಂದು ಸ್ವರದಲ್ಲೇ ತಿಳಿಯುತ್ತಿದ್ದವಳು ಮಗಳೊಬ್ಬಳೇ. "ಹಿ ವಾಂಟ್ಸ್ ದಿ ಕರ್ಟನ್ ಓಪನ್," ಅನ್ನುತ್ತಿದ್ದಳು. ಪರದೆ ಸರಿಸಿದರೆ ಅವನು ಸುಮ್ಮನಾಗುತ್ತಿದ್ದ.

ಆಮೇಲೆ ಅದೂ ನಿಂತಿತು. ಒಂದು ಮಧ್ಯಾಹ್ನ, ಹೊರಗೆ ಬಿಸಿಲು ಕಾಯುತ್ತಿರುವಾಗ, ಆಸ್ಪತ್ರೆಯಲ್ಲಿ ತೀರಿಕೊಂಡ. ಅತ್ತಿಗೆಯೇ ಕಣ್ಣು ಮುಚ್ಚಿಸಿದರು. ದೇಹವನ್ನು ಊರಿಗೆ ಕಳುಹಿಸುವುದೋ ಬೇಡವೋ ಎಂದು ಬಂಧುಗಳು ಫೋನಿನಲ್ಲಿ ಚರ್ಚೆ ಮಾಡುತ್ತಿದ್ದರು. ಅತ್ತಿಗೆ ಫೋನು ನನ್ನ ಕೈಗೆ ಕೊಟ್ಟು, "ಇಲ್ಲೇ ಅಂತ ಹೇಳು," ಅಂದರು. ಮರುದಿನ ಮರಳಿನಲ್ಲಿ ಮಣ್ಣು ಮಾಡಿದರು. ಗೋದಾಮಿನವರು ಕಂಪೆನಿ ಬಸ್ಸಿನಲ್ಲಿ ಸಮವಸ್ತ್ರದಲ್ಲೇ ಬಂದಿದ್ದರು. ಒಬ್ಬ ಪಠಾಣ್ ಮುದುಕ ಎಲ್ಲರಿಗಿಂತ ಹೆಚ್ಚು ಅತ್ತನಂತೆ.

ಗಂಡ ಹೋದ ಮೇಲೆ ಇಲ್ಲಿ ಯಾಕೆ, ಬಂದುಬಿಡು ಎಂದು ಎಲ್ಲರೂ ಅತ್ತಿಗೆಗೆ ಹೇಳಿದರು. ಅಣ್ಣನ ವೀಸಾದ ಮೇಲೆ ಇದ್ದವರು ಅವರಿಬ್ಬರೂ. ಅತ್ತಿಗೆ ತಮ್ಮ ಕಂಪೆನಿಯವರ ಹಿಂದೆ ಬಿದ್ದು ವೀಸಾ ತಮ್ಮ ಹೆಸರಿಗೆ ಮಾಡಿಸಿಕೊಂಡರು, ಮಗಳದ್ದನ್ನೂ ಮಾಡಿಸಿದರು. ಈಗಲೂ ಬೆಳಿಗ್ಗೆ ಮೆಟ್ರೋ ಹಿಡಿದು ಅದೇ ಕಚೇರಿಗೆ ಹೋಗುತ್ತಾರೆ. ಮನೆಯಲ್ಲಿ ಮೊದಲಿಗಿಂತ ಕಡಿಮೆ ಮಾತು.

ಒಮ್ಮೆ ಅಣ್ಣನ ಮಗಳು ಪ್ರಯೋಗಾಲಯ ನೋಡಬೇಕೆಂದಳು. ಯಾರದ್ದೋ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ತೋರಿಸಿದೆ. ಬಣ್ಣ ಹಾಕಿದ ಉಂಡೆಗಳು ಕತ್ತಲೆಯಲ್ಲಿ ಹಸಿರಾಗಿ ಹೊಳೆಯುತ್ತಿದ್ದವು. ತುಂಬಾ ಹೊತ್ತು ನೋಡಿದಳು.

"ದೇ ಆರ್ ಪ್ರೆಟಿ. ಐ ಹೇಟ್ ದಟ್," ಅಂದಳು. ಆಮೇಲೆ ಕಣ್ಣು ತೆಗೆಯದೆಯೇ ಇಂಗ್ಲಿಷಿನಲ್ಲಿ ಕೇಳಿದಳು, "ಅವತ್ತು ನೀವು 'ಹೇಳಿದ' ಅಂದಿದ್ದರೆ ಅವರು ಆ ಬಿಟ್ಟ ತುಂಡನ್ನೂ ತೆಗೆಯುತ್ತಿದ್ದರಾ?"

"ತೆಗೆಯುತ್ತಿದ್ದರು."

"ಆಗ ಪಪ್ಪ ಬದುಕುತ್ತಿದ್ದರಾ?"

"ಬದುಕುತ್ತಿರಲಿಲ್ಲ. ಕೆಲವು ತಿಂಗಳು ಜಾಸ್ತಿ ಇರುತ್ತಿದ್ದನೋ ಏನೋ. ಗೊತ್ತಿಲ್ಲ ಮಗಾ. ಆದರೆ ಮಾತು ಆ ದಿನವೇ ಹೋಗುತ್ತಿತ್ತು."

ನಾನು ಅವಳ ಬೆನ್ನಿನ ಮೇಲೆ ಕೈಯಿಡಬೇಕೆಂದುಕೊಂಡೆ, ಆದರೆ ಕೈಗವಸು ಹಾಕಿಕೊಂಡಿದ್ದೆ. ಅವಳೇ ಫೋಕಸಿನ ತಿರುಪನ್ನು ಹುಡುಕಿ, ಮೆಲ್ಲಗೆ ತಿರುಗಿಸಿ ಮತ್ತೊಮ್ಮೆ ನೋಡತೊಡಗಿದಳು. ಹೊರಗಿನ ಕಾರಿಡಾರಿನಲ್ಲಿ ಯಾರೋ ನನ್ನನ್ನು ಕರೆದರು; ಆಸ್ಪತ್ರೆಯಿಂದ ಹೊಸ ಡಬ್ಬಿ ಬಂದಿತ್ತು. ಐಸಿನಲ್ಲಿ ತುಣುಕು ಬಹಳ ಹೊತ್ತು ಜೀವಂತ ಉಳಿಯುವುದಿಲ್ಲ. ಅವಳನ್ನು ಅಲ್ಲೇ ಬಿಟ್ಟು, ಅದನ್ನು ತರಲು ಹೋದೆ.