ಮಿಲಿಟರಿ ಮಾವ ಕಟ್ಟಿದ ಮೆಟ್ಟಿಲು

ಮಿಲಿಟರಿ ಮಾವ ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಗಾಲಿಕುರ್ಚಿ ನಿಲ್ಲಿಸಿ, ಚಕ್ರದ ಹಿಂದೆ ಅರ್ಧ ಇಟ್ಟಿಗೆ ಒತ್ತಿ, ಹೆಂಡತಿಯ ಮೊಣಕಾಲ ಮೇಲಿನ ಹೊದಿಕೆ ಸರಿಮಾಡಿದರು. ವಾರವಾರವೂ ಇಲ್ಲಿಂದ ಅವರು ಮೆಟ್ಟಿಲು ಹತ್ತಿ ಒಳಗೆ ಹೋಗುವುದು, ಆಕೆ ಸ್ಪೀಕರಿನ ಕೆಳಗೆ ಕುಳಿತು ಕೇಳುವುದು ರೂಢಿ. ಈ ಸಲ ಅವರು ಹತ್ತಲಿಲ್ಲ. ಮೆಟ್ಟಿಲನ್ನೇ ನೋಡುತ್ತ ನಿಂತರು.

ಮಿಲಿಟರಿ ಮಾವ ಅನ್ನುವುದು ಊರು ಇಟ್ಟ ಹೆಸರು. ಸೇನೆಯಲ್ಲಿ ಸೇತುವೆ ಕಟ್ಟುವ ತುಕಡಿಯಲ್ಲಿದ್ದವರು. ಅವರು ಗಡಿಯಲ್ಲಿದ್ದಷ್ಟು ಕಾಲ ಮೂರು ಹೆಣ್ಣುಮಕ್ಕಳನ್ನು ಬೆಳೆಸಿದ್ದು ಹೆಂಡತಿ ಒಬ್ಬಳೇ. ನಿವೃತ್ತರಾಗಿ ಬಂದ ಮೇಲೆ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ಹೆಗಲು ಕೊಟ್ಟರು, ಯಾರ ಗೋಡೆ ಬಿದ್ದರೂ ಕರಣೆ ಹಿಡಿದು ಹೋದರು. ಮಂದಿರದ ಮೆಟ್ಟಿಲನ್ನೂ ಅವರೇ ಕಟ್ಟಿದ್ದು. ದೇವರ ಮನೆ ಎತ್ತರದಲ್ಲಿರಲಿ ಎಂದು ಕಡಿದಾಗಿಯೇ ಕಟ್ಟಿದರು. ಅಂದು ಸಿಮೆಂಟು ಕಲಸಿ ಬಾಂಡಲಿ ಹೊತ್ತು ಕೊಟ್ಟವಳು ಈ ಹೆಂಡತಿ.

ಆಕೆಗೆ ಲಕ್ವ ಹೊಡೆದು ಕಾಲು ಸ್ವಾಧೀನ ತಪ್ಪಿದಾಗ, ಪಕ್ಕದಲ್ಲೊಂದು ಗಾಲಿಕುರ್ಚಿ ಹತ್ತುವ ಇಳಿಜಾರು ಮಾಡಿಕೊಡುತ್ತೇನೆ, ಖರ್ಚೂ ನನ್ನದು ಕೆಲಸವೂ ನನ್ನದು ಎಂದು ಸಮಿತಿಯನ್ನು ಕೇಳಿದ್ದರು. ನೋಡೋಣ ಎಂದಿತು ಸಮಿತಿ. ಎರಡು ವರ್ಷವಾದರೂ ನೋಡುತ್ತಲೇ ಇತ್ತು. ತುಂಬಿ ಹರಿಯುವ ಹೊಳೆಗೆ ಬೆಳಗಾಗುವುದರೊಳಗೆ ಸೇತುವೆ ಹಾಕಿದ ಮನುಷ್ಯನಿಗೆ ಈ 'ನೋಡೋಣ' ಗಂಟಲ ಮುಳ್ಳಾಗಿತ್ತು.

ಸಮಿತಿಯ ಅಧ್ಯಕ್ಷ ಆಕೆಯ ಒಡಹುಟ್ಟಿದ ತಮ್ಮ. ಹಿಂದಿನ ಸಂಜೆ ಮನೆಗೆ ಬಂದಿದ್ದ. ವಾರ್ಷಿಕೋತ್ಸವಕ್ಕೆ ಭಾವನಿಗೆ ವೇದಿಕೆಯ ಮೇಲೆ ಸನ್ಮಾನವಂತೆ, ಪದಕ ಹಾಕಿಕೊಂಡು ಬರಬೇಕಂತೆ. ಇವರು ಇಳಿಜಾರಿನ ಮಾತೆತ್ತಿದರೆ ಅವನ ಮುಖ ಹುಳ್ಳಗಾಯಿತು.

"ಮುಂಭಾಗದ ಅಂದ ಕೆಡುತ್ತೆ ಭಾವ. ಅವತ್ತೊಂದು ದಿನ ಅಕ್ಕನ್ನ ನಾಲ್ಕು ಜನ ಎತ್ಕೊಂಡು ಬಂದರಾಯ್ತು."

ಅವರು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು. "ನಾಲ್ಕು ಜನ ಹೊರೋದು ಒಂದೇ ಸಲ ಕಣೋ. ಅದಕ್ಕಿನ್ನೂ ಟೈಮಿದೆ."

ತಮ್ಮ ನಕ್ಕ. ಅವರಿಗೆ ನಗು ಬರಲಿಲ್ಲ. ಆ ರಾತ್ರಿ ಊಟವೂ ಇಳಿಯಲಿಲ್ಲ. ನಿಮ್ಮ ಸಿಟ್ಟಿನ ಮೇಲೆ ಎಸರಿಟ್ಟಿದ್ದರೆ ಗ್ಯಾಸು ಉಳಿಯುತ್ತಿತ್ತು ಎಂದು ಹೆಂಡತಿ ಛೇಡಿಸಿದಳು. ಬೆಳಿಗ್ಗೆ ಮಾತ್ರ, ಒಳಗೆ ಕೂತು ಪ್ರಾರ್ಥನೆ ಮಾಡಬೇಕು ಅನ್ನಿಸುತ್ತೆ ರೀ ಎಂದಳು, ಮೆಲ್ಲಗೆ. ಇಷ್ಟು ದಿನ ಬಾಯಿಬಿಟ್ಟು ಹೇಳಿರಲಿಲ್ಲ.

ಪ್ರಾರ್ಥನೆ ಮುಗಿದು ಜನ ಚದುರಿದ ಮೇಲೆ ಅವರು ಆಕೆಯನ್ನು ಮನೆಗೆ ಬಿಟ್ಟು, ಸುತ್ತಿಗೆ, ಹಾರೆ ತೆಗೆದುಕೊಂಡು ಒಬ್ಬರೇ ಮರಳಿದರು. ತಾವೇ ಕೂರಿಸಿದ ಕಲ್ಲು. ಎಲ್ಲಿಗೆ ಪೆಟ್ಟು ಕೊಟ್ಟರೆ ಸಡಿಲುತ್ತದೆಂದು ಕೈಗೆ ನೆನಪಿತ್ತು. ಸುದ್ದಿ ತಿಳಿದು ಅಧ್ಯಕ್ಷ ಏದುಸಿರು ಬಿಡುತ್ತ ಓಡಿ ಬರುವಷ್ಟರಲ್ಲಿ ಕೆಳಗಿನ ಅರ್ಧದಷ್ಟು ಮೆಟ್ಟಿಲುಗಳು ಕಿತ್ತುಬಿದ್ದಿದ್ದವು.

"ತಲೆ ಕೆಟ್ಟಿದೆಯಾ ಭಾವ? ಇದು ದೇವರ ಮನೆ."

"ಹೌದು, ನಿನ್ನ ಮನೆ ಅಲ್ಲ. ಪೊಲೀಸರನ್ನ ಕರಿ. ಅವರು ಬಂದು ಹೋಗೋವರೆಗೆ ಸುತ್ತಿಗೆ ಕೆಳಗಿಡ್ತೀನಿ, ಆಮೇಲೆ ಮತ್ತೆ ಎತ್ತಿಕೊಳ್ತೀನಿ."

ಅಧ್ಯಕ್ಷ ಪೊಲೀಸರನ್ನು ಕರೆಯಲಿಲ್ಲ. ಸಮಿತಿ ಸಭೆ ಸೇರಿ ಸನ್ಮಾನ ರದ್ದುಮಾಡಿತು, ಅವರ ಸದಸ್ಯತ್ವವನ್ನೂ ತೆಗೆದುಹಾಕಿತು. ಆದರೂ ಒಡೆದ ಕಲ್ಲನ್ನೇ ತುಂಬಿ, ಮೆಟ್ಟಿಲಿದ್ದ ಜಾಗದಲ್ಲೇ ಅವರು ಇಳಿಜಾರು ಏರಿಸುತ್ತಿದ್ದಾರೆ. ನಾಳೆ ಕಾಂಕ್ರೀಟು ಬೀಳುತ್ತದೆ. ಅದು ಒಣಗುವವರೆಗೆ ವಾರದ ಪ್ರಾರ್ಥನೆ ಎಲ್ಲರಿಗೂ ಅಂಗಳದಲ್ಲಿ ನಡೆಯುತ್ತದೆ.