ತುಟಿ ತಾಗದ ಬಟ್ಟಲು

ಕೊಡಗು ಇನ್ನೂ ಮೈಸೂರಿಗೆ ಸೇರದೆ ಪ್ರತ್ಯೇಕ ರಾಜ್ಯವಾಗಿದ್ದ ವರ್ಷಗಳವು. ಮಡಿಕೇರಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಪೂರ್ಣ ಸದಸ್ಯಳಾಗಬೇಕಾದರೆ ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ ಇಷ್ಟನ್ನೂ ತಡವರಿಸದೆ ಒಪ್ಪಿಸಬೇಕಿತ್ತು. ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಒಪ್ಪಿಸುತ್ತಿದ್ದೆ. ಆದರೆ ದ್ರಾಕ್ಷಾರಸದ ಒಂದೇ ಬಟ್ಟಲು ಎಲ್ಲರ ಬಾಯಿಗೂ ಬರುವ ಪ್ರಭುಭೋಜನದಲ್ಲಿ ಹೇಗೆ ಕುಡಿಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನೂ ಕಲಿಸಬೇಕೆಂದು ಯಾರಿಗೆ ತಾನೆ ಹೊಳೆದೀತು!

ಅಪ್ಪ ಸುಂಟಿಕೊಪ್ಪದ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ನಮ್ಮದು ಮೂಲತಃ ಶನಿವಾರಸಂತೆ ಕಡೆಯ ಶಿವಭಕ್ತರ ಬೇಸಾಯದ ಮನೆ. ನಾನು ಕೂಸಾಗಿದ್ದಾಗ ಅಪ್ಪ ಅಮ್ಮ ದೀಕ್ಷಾಸ್ನಾನ ಪಡೆದು ನನಗೂ ಮಾಡಿಸಿದ್ದರು. ಅಪ್ಪನ ತಾಯಿ ಮಾತ್ರ ಕೊರಳ ಲಿಂಗ ಬಿಡದೆ, ಮಗನನ್ನೂ ಬಿಡದೆ, ನಮ್ಮ ಜೊತೆಯೇ ಉಳಿದಳು. ಊರವರೆಲ್ಲ ಬಾಯಿಟ್ಟ ಬಟ್ಟಲಿಗೆ ಅಮ್ಮ ಬಾಯಿಟ್ಟ ದಿನದಿಂದ ಅಜ್ಜಿ ಅಮ್ಮನ ಕೈಯ ಅನ್ನ ಮುಟ್ಟಲಿಲ್ಲ. ತನ್ನದೇ ಒಲೆ ಹೂಡಿಕೊಂಡು ತಾನೇ ಬೇಯಿಸಿಕೊಂಡಳು. ಕಣ್ಣಿಗೆ ಪೊರೆ ಬಂದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ನನ್ನ ದೀಕ್ಷಾಸ್ನಾನವನ್ನು ಅಜ್ಜಿ ಲೆಕ್ಕಕ್ಕೇ ಹಿಡಿದಿರಲಿಲ್ಲ. "ಮೈ ಮ್ಯಾಲೆ ಬಿದ್ದ ನೀರು ಒಣಗ್ತದೆ ಕಣವ್ವ, ಒಳೀಕೆ ಹೋದ ಎಂಜ್ಲು ಒಣಗಾಕಿಲ್ಲ" ಎನ್ನುತ್ತಿದ್ದಳು. ಆ ಬಟ್ಟಲಿಗೆ ನಾನು ಬಾಯಿಟ್ಟರೆ ಅಜ್ಜಿಗೆ ಅನ್ನ ಬೇಯಿಸುವವರು ಯಾರೂ ಉಳಿಯುವುದಿಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾನೇ ಸಭೆಯ ಪಾದ್ರಿ ಅಯ್ಯನವರನ್ನು ಕೇಳಿದೆ. ಅವರು ಮಂಗಳೂರು ಕಡೆಯವರು, ಸಾಧು ಮನುಷ್ಯ. "ತಂದೆತಾಯಿಗೆ ಮರ್ಯಾದೆ ಕೊಡಬೇಕು ಅಂತ ಆಜ್ಞೆ ಉಂಟಲ್ಲ ಅಯ್ಯನವರೇ, ಅದ್ರಲ್ಲಿ ಅಜ್ಜಿನೂ ಸೇರ್ತಾಳಾ?"

"ಸೇರದೆ ಮತ್ತೆ? ಸೇರ್ತಾರೆ ಮಾರಾಯ್ತಿ."

"ಹಂಗಾದ್ರೆ ಅಜ್ಜೀನ ಉಪವಾಸ ಕೆಡವಿ ನಾನು ಸದಸ್ಯಳಾಗಬಹುದಾ?"

ಅಯ್ಯನವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಕೊನೆಗೆ ಪ್ರಾರ್ಥನೆ ಮಾಡು ಎಂದರು. ಮಾಡಿದೆ. ಏನನ್ನು ಬೇಡಿಕೊಳ್ಳಬೇಕೆಂದೇ ತಿಳಿಯದೆ, ಬೇಡುತ್ತ ಬೇಡುತ್ತ ದೇವರ ಮೇಲೆಯೇ ಸಿಟ್ಟು ಬರುತ್ತಿತ್ತು.

ಸದಸ್ಯಳಾಗುವ ಭಾನುವಾರ ಬಂತು. ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ, ಪ್ರಭುಭೋಜನಕ್ಕೆ ಸಾಲಿನಲ್ಲಿ ಮೊಣಕಾಲೂರಿದೆ. ನನ್ನ ಪಕ್ಕದಲ್ಲಿದ್ದವಳು ನಮ್ಮ ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಹೆಂಗಸು, ಕಾಫಿ ಪಿಕ್ಕಿಂಗ್ ಕೆಲಸದವಳು. ಅವಳು ಕುಡಿದಾದ ಮೇಲೆ ಬಟ್ಟಲು ನನ್ನ ಬಾಯ ಹತ್ತಿರ ಬಂತು. ಬುದ್ಧಿ ಬಂದಾಗಿನಿಂದ ಚೊಂಬು ಎತ್ತಿಯೇ ನೀರು ಕುಡಿದವಳು ನಾನು. ಯೋಚನೆ ಮಾಡುವ ಮೊದಲೇ ತಲೆ ಹಿಂದಕ್ಕೆ ವಾಲಿ ಬಾಯಿ ತೆರೆದುಕೊಂಡಿತು. ಅಯ್ಯನವರು ಕಕ್ಕಾಬಿಕ್ಕಿಯಾಗಿ ಮೇಲಿನಿಂದಲೇ ಹೊಯ್ದರು. ಅರ್ಧ ಬಾಯಿಗೆ ಬಿತ್ತು, ಅರ್ಧ ಬಿಳಿ ರವಿಕೆಗೆ.

ಆರಾಧನೆ ಮುಗಿದದ್ದೇ ತಡ, ಸಭೆಯ ಹಿರಿಯರು ಗುಂಪು ಕಟ್ಟಿದರು. ಒಬ್ಬರು ಒಳಗೆ ಹೋಗಿದೆಯಲ್ಲ, ಸಾಕು ಎಂದರು. ಇನ್ನೊಬ್ಬರು, ಒಂದೇ ಬಟ್ಟಲಿನಲ್ಲಿ ಪಾಲು ತೆಗೆದುಕೊಳ್ಳದೆ ಒಂದೇ ಸಭೆ ಹೇಗಾದೀತು ಎಂದರು. ಮುಂದಿನ ಪ್ರಭುಭೋಜನದಲ್ಲಿ ಇನ್ನೊಮ್ಮೆ ನೋಡೋಣ ಎಂದು ಎಲ್ಲರೂ ಊಟಕ್ಕೆ ಹೊರಟರು. ಮನೆಯಲ್ಲಿ ಸುದ್ದಿ ಕೇಳಿದ ಅಜ್ಜಿಗೆ ಹಿಗ್ಗೋ ಹಿಗ್ಗು. "ತಾಗ್ಲಿಲ್ವಲ್ಲ, ಅನ್ನಕ್ಕಿಡು ಹೋಗು" ಎಂದಳು. ಸಭೆಯವರ ಲೆಕ್ಕದಲ್ಲಿ ನಾನು ಒಳಗೆ ಬಂದಿರಲಿಲ್ಲ, ಅಜ್ಜಿಯ ಲೆಕ್ಕದಲ್ಲಿ ಹೊರಗೆ ಹೋಗಿರಲಿಲ್ಲ. ನಾನು ಎಲ್ಲಿದ್ದೇನೆಂದು ನನಗಂತೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಹೀಗೇ ಇದ್ದುಬಿಟ್ಟರೆ ಸಾಕಪ್ಪ ಅನ್ನಿಸಿತ್ತು.

ಮುಂದಿನ ಪ್ರಭುಭೋಜನದ ದಿನ ಎಲ್ಲರೂ ಎದ್ದರೂ ಆ ಲೈನ್ ಮನೆಯ ಹೆಂಗಸು ಎದ್ದಿರಲಿಲ್ಲ. ನಾನು ಹತ್ತಿರ ಹೋಗಿ ಕರೆದೆ.

"ನೀವು ಹೋಗಿ ಅಮ್ಮ, ನಾ ಕಡೇಲಿ ಬರ್ತೀನಿ" ಎಂದಳು. ಸ್ವರದಲ್ಲಿ ಕೋಪವಿರಲಿಲ್ಲ. "ನನ್ ಹಿಂದೆ ಯಾರೂ ಇಲ್ದಿದ್ರೆ ಯಾರಿಗೂ ತೊಂದ್ರೆ ಇಲ್ಲ."

ನನಗೆ ಮುಖ ಎತ್ತಲಾಗಲಿಲ್ಲ. ನಾನು ತಲೆ ಹಿಂದಕ್ಕೆ ಹಾಕಿದ್ದು ಅಭ್ಯಾಸಬಲದಿಂದ ಎಂದು ಅವಳಿಗೆ ಹೇಗೆ ಹೇಳುವುದು? ಅಭ್ಯಾಸ ಎಂದರೆ ಅವಳ ನೋವು ಕಡಿಮೆಯಾಗುತ್ತದೆಯೇ? ಕೈ ಹಿಡಿದು ಎಬ್ಬಿಸಿದೆ. ಅವಳು ಸಾಲಿನ ಕೊನೆಗೆ ಹೋಗಿ ಮೊಣಕಾಲೂರಿದಳು. ನಾನು ಅವಳಾಚೆ, ಅವಳ ನಂತರ ಮೊಣಕಾಲೂರಿದೆ. ಅವಳು ಕುಡಿದಾದ ಮೇಲೆ ಬಟ್ಟಲು ಬಂತು. ಎರಡೂ ಕೈಯಲ್ಲಿ ಹಿಡಿದು, ತುಟಿ ಇಟ್ಟು ಕುಡಿದೆ. ವಿಶ್ವಾಸದಿಂದ ಕುಡಿದೆನೋ ನಾಚಿಕೆಯಿಂದಲೋ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಕೂತಿದ್ದಳು. "ತಾಗ್ತಾ?" ಎಂದಳು. ಸುಳ್ಳು ಹೇಳಿದ್ದರೆ ನಂಬುತ್ತಿದ್ದಳು.

"ತಾಗ್ತು ಅಜ್ಜಿ."

ಅಜ್ಜಿ ಬಯ್ಯಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋದಳು, ತಡಕಾಡಿ ಅಕ್ಕಿ ತೊಳೆದಳು, ಒಲೆಯ ಮುಂದೆ ಕೂತಳು. ಕಾಣದ ಕಣ್ಣಲ್ಲಿ ಸೌದೆ ನೂಕುತ್ತಿದ್ದ ಕೈ ಉರಿಯ ತೀರ ಹತ್ತಿರ ಹೋಗುತ್ತಿತ್ತು. ನೋಡಲಾರದೆ ನಾನು ಸೌದೆ ಇಸಿದುಕೊಳ್ಳಲು ಮುಂದೆ ಬಾಗಿದೆ.

"ದೂರ ಕೂತ್ಕೊ ಮಗಾ" ಎಂದಳು ಅಜ್ಜಿ, ಬಹಳ ಮೆತ್ತಗೆ. "ಕೈ ಸುಟ್ಕಂಡೀಯ."